ಅಂಟು ಬಿಟ್ಟರೂ ಮೀಟರ್ ಸುಮ್ನಿತ್ತು

ಬೋಲ್ಟ್ ಸಡಿಲ ಆದರೆ ಕೈಗೆ ಗೊತ್ತಾಗುತ್ತದೆ. ಅಂಟು ಹಾಗಲ್ಲ, ಕೊನೇ ಗಳಿಗೆವರೆಗೂ ಗಟ್ಟಿಯಾಗೇ ಇದ್ದು ಟಪ್ ಅಂತ ಬಿಡುತ್ತದೆ. ಅದು ಮುಂಚೆಯೇ ಗೊತ್ತಾಗಲಿ ಅಂತ ಮೈಸೂರಿನ ನಮ್ಮ ಕಾಲೇಜು ಲ್ಯಾಬಿನಲ್ಲಿ ಎಪಾಕ್ಸಿ ಅಂಟಿಗೆ ಕಾರ್ಬನ್ ನ್ಯಾನೋಟ್ಯೂಬ್ ಬೆರೆಸಿ, ಎರಡು ಗ್ಲಾಸ್ ಫೈಬರ್ ಪಟ್ಟಿ ಅಂಟಿಸಿ ನೋಡಿದೆ. ಬರೀ ಎಪಾಕ್ಸಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಈ ಸಣ್ಣ ಕೊಳವೆಗಳು ಒಂದರ ಪಕ್ಕ ಒಂದು ಬಂದರೆ ದಾರಿ ಆಗುತ್ತದೆ, ಬಿರುಕು ಬಿಟ್ಟರೆ ದಾರಿ ಕಡಿದು ರೆಸಿಸ್ಟೆನ್ಸ್ ಏರುತ್ತದೆ. ಅಷ್ಟೇ ವಿಷಯ.

100 ಗ್ರಾಂ ಎಪಾಕ್ಸಿ ರೆಸಿನ್‌ಗೆ ಅರ್ಧ ಗ್ರಾಂ ನ್ಯಾನೋಟ್ಯೂಬ್ ಹಾಕಿದೆ. ಒಲೆ ಮಸಿ ಥರ ಹಗುರ, ಉಸಿರು ಬಿಟ್ಟರೆ ಹಾರುತ್ತದೆ, ಮಾಸ್ಕ್ ಇಲ್ಲದೆ ಡಬ್ಬಿ ತೆಗೆಯಲೇಬಾರದು. ಮೊದಲ ಸಲ ಕಡ್ಡಿಯಲ್ಲಿ ಕಲಸಿದೆ. ಮುದ್ದೆ ತಿರುವಲು ಬರದವನು ಹಿಟ್ಟು ಹಾಕಿದ ಹಾಗೆ ಬರೀ ಗಂಟು! ಮೂರು ರೋಲರ್ ಮಿಲ್‌ನಲ್ಲಿ ಅರೆದ ಮೇಲೇ ಸರಿಹೋಯಿತು. ಆಮೇಲೆ ಅಂಟು ಗಟ್ಟಿಯಾಗಿಸುವ ಹಾರ್ಡನರ್ ಹಾಕಿ, ವ್ಯಾಕ್ಯೂಮ್‌ನಲ್ಲಿ ಗುಳ್ಳೆ ತೆಗೆದು, ಅಂಟಿನ ದಪ್ಪ ಒಂದೇ ಸಮ ಇರಲಿ ಅಂತ ಮೀನಿನ ಗಾಳದ ನೈಲಾನ್ ದಾರದ ತುಂಡು ಮಧ್ಯೆ ಇಟ್ಟೆ.

ಮೊದಲ ಟೆಸ್ಟ್‌ನಲ್ಲಿ ಸ್ವಲ್ಪ ಎಳೆಯುತ್ತಿದ್ದಂತೆ ರೀಡಿಂಗ್ ಜಿಗಿಯಿತು. "ಸಾರ್, ಬಿರುಕು ಸಿಕ್ತು!" ಅಂತ ಕೂಗಿದೆ. ಸಾರ್ ಬಂದು ತಂತಿ ಅಲ್ಲಾಡಿಸಿದರು, ರೀಡಿಂಗ್ ಮತ್ತೆ ಜಿಗಿಯಿತು. ಬಿರುಕು ಬಿಟ್ಟಿದ್ದು ಅಂಟಲ್ಲ, ತಂತಿ ಕೂರಿಸಿದ್ದ ಸಿಲ್ವರ್ ಪೇಂಟ್. ಅವತ್ತಿಂದ ನಾಲ್ಕು ತಂತಿ: ಹೊರಗಿನ ಎರಡರಲ್ಲಿ ಕರೆಂಟ್, ಒಳಗಿನ ಎರಡರಲ್ಲಿ ವೋಲ್ಟೇಜ್. ಹೀಗೆ ಅಳೆದರೆ ತಂತಿ ಕೂತ ಜಾಗದ ರೆಸಿಸ್ಟೆನ್ಸ್ ಲೆಕ್ಕಕ್ಕೆ ಬರುವುದಿಲ್ಲ.

ಆಮೇಲೆ ಚೆನ್ನಾಗಿ ಬಂತು. ಎಳೆದಾಗ ನಿಧಾನ ಏರುವುದು, ಬಿಟ್ಟರೆ ಇಳಿಯುವುದು, ಅದು ಅಂಟು ಹಿಗ್ಗುವ ಲೆಕ್ಕ. ಟಿಕ್ ಅಂತ ಸದ್ದು ಬಂದಾಗ ಮೆಟ್ಟಿಲಿನಂತೆ ಏರಿದರೆ ಬಿರುಕು, ಜಾಸ್ತಿ ಸಲ ಅದು ಅಂಟಿನ ತುದಿಯಲ್ಲೇ ಶುರು. ಆದರೆ ಲೋಡ್, ಅಂದರೆ ಎಳೆತ, ತೆಗೆದರೆ ಬಿರುಕಿನ ಎರಡು ಮುಖ ಮತ್ತೆ ತಾಗಿ, ಏನೂ ಆಗಿಲ್ಲವೇನೋ ಅನ್ನುವಷ್ಟು ರೀಡಿಂಗ್ ಕೆಳಗೆ ಬರುತ್ತದೆ. ಹಾಗಾಗಿ ಲೋಡ್ ಇದ್ದಾಗಲೇ ಅಳೆಯಬೇಕು.

ಏಳನೇ ಜಾಯಿಂಟ್ ಮಾತ್ರ ಕೈಕೊಟ್ಟಿತು. ಒಂದೂ ಮೆಟ್ಟಿಲು ಇಲ್ಲ, ಗ್ರಾಫ್ ನೇರ ಹೋಗುತ್ತಿದ್ದ ಹಾಗೇ ಟಪ್. ನೋಡಿದರೆ ಕರಿ ಅಂಟು ಒಂದು ಗೆರೆಯೂ ಬೀಳದೆ, ನಾಲ್ಕೂ ತಂತಿ ಸಮೇತ, ಇಡಿಯಾಗಿ ಒಂದೇ ಪಟ್ಟಿ ಮೇಲೆ ಕೂತಿತ್ತು. ಇನ್ನೊಂದು ಪಟ್ಟಿ ತೊಳೆದಿಟ್ಟ ತಟ್ಟೆ ಥರ ಸ್ವಚ್ಛ. ಅಂಟೇ ಬಿರುಕು ಬಿಡದಿದ್ದರೆ ಕರೆಂಟ್ ದಾರಿ ಎಲ್ಲಿ ಕಡಿಯುತ್ತದೆ, ಅಲ್ವಾ? ಅಂಟಿಸುವ ಮುಂಚೆ ಆ ಪಟ್ಟಿಗೆ ಮರಳು ಕಾಗದ ಉಜ್ಜುವಾಗ ಊಟದ ಟೈಮ್ ಆಗಿತ್ತು, ಎರಡೇ ಸಲ ಉಜ್ಜಿ ಎದ್ದು ಹೋಗಿದ್ದೆ.