ನಿಯೋಜನೆ ಮುಗಿಸಿ ಮನೆಗೆ ಬಂದ ಮೇಲೆ: ದಿನಚರಿಗೆ ಮರಳಿ ಹೊಂದಿಕೊಂಡ ನನ್ನ ಅನುಭವ

ನಿಯೋಜನೆ ಮುಗಿಸಿ ಮನೆಗೆ ಬಂದ ಸೈನಿಕನಿಗೆ ಮೊದಲ ಕೆಲವು ದಿನಗಳು ಅಷ್ಟೇನೂ ಕಷ್ಟವೆನಿಸುವುದಿಲ್ಲ. ಕಷ್ಟ ತಲೆದೋರುವುದು ಬಂದ ಸಂಭ್ರಮ ಇಳಿದು, ಮನೆ ತನ್ನ ಎಂದಿನ ದಿನಚರಿಗೆ ಹೊರಳಿದಾಗ. ನಾನು ಗಡಿಯ ಕಾವಲಿನಲ್ಲಿದ್ದಷ್ಟು ಕಾಲವೂ ನನ್ನ ಹೆಂಡತಿ, ತಾಯಿ ಮತ್ತು ಇಬ್ಬರು ಮಕ್ಕಳು ನಾನಿಲ್ಲದೆಯೇ ಸಂಸಾರ ನಡೆಸುವುದನ್ನು ಕಲಿತಿದ್ದರು. ಹಾಗೆ ಕಲಿತದ್ದರಿಂದಲೇ ಮನೆ ಕುಂದಿಲ್ಲದೆ ನಡೆದಿತ್ತು. ಆದ್ದರಿಂದ ಬಿಟ್ಟುಹೋದ ಜಾಗ ಹಾಗೆಯೇ ಖಾಲಿ ಇರುತ್ತದೆ ಎಂದು ಎಣಿಸದೆ, ಹೊಸದಾಗಿ ಸೇರಿಕೊಳ್ಳುತ್ತಿರುವವನಂತೆ ನಡೆದುಕೊಳ್ಳಬೇಕೆಂದು ಮನೆಗೆ ಹೊರಡುವ ಮುಂಚೆಯೇ ನಿಶ್ಚಯಿಸಿದ್ದೆ. ಆಮೇಲೆ ನಾನು ಮಾಡಿದ್ದೆಲ್ಲಕ್ಕೂ ಈ ನಿಶ್ಚಯವೇ ಆಧಾರವಾಯಿತು.

ಮರಳುವಿಕೆಯ ವೇಗವೇ ಒಂದು ತೊಂದರೆ. 1982ರ ಫಾಕ್ಲೆಂಡ್ಸ್ ಯುದ್ಧದಿಂದ ಹಿಂದಿರುಗಿದ ಬ್ರಿಟಿಷ್ ಪಡೆಗಳಲ್ಲಿ ಅನೇಕರು ಹಡಗಿನಲ್ಲಿ ದಿನಗಟ್ಟಲೆ ಒಟ್ಟಿಗಿದ್ದು, ನಡೆದದ್ದನ್ನು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತ ಊರು ಸೇರಿದರು. ವಿಮಾನದ ಕಾಲದಲ್ಲಿ ಆ ಬಿಡುವು ತಾನಾಗಿ ಸಿಗುವುದಿಲ್ಲ. ಅದಕ್ಕಾಗಿಯೇ 2002ರಲ್ಲಿ ಅಫ್ಘಾನಿಸ್ತಾನದಿಂದ ಹೊರಟ ಕೆನಡಾದ ಸೈನಿಕರನ್ನು ಗುವಾಮ್ ದ್ವೀಪದಲ್ಲಿ ಕೆಲವು ದಿನ ತಂಗಿಸಿ ಮುಂದಕ್ಕೆ ಕಳುಹಿಸಿದರು. ಬ್ರಿಟಿಷ್ ಸೇನೆಯೂ ನಂತರ ಸೈಪ್ರಸ್‌ನಲ್ಲಿ ಇಂಥದೇ ತಂಗುದಾಣವನ್ನು ನಡೆಸಿತು. ನನಗೆ ಅಂಥ ವ್ಯವಸ್ಥೆ ಇರಲಿಲ್ಲವಾದ್ದರಿಂದ ಆ ಬಿಡುವನ್ನು ಮನೆಯಲ್ಲಿಯೇ ಮಾಡಿಕೊಂಡೆ. ಮೊದಲ ವಾರ ಬಂಧುಗಳನ್ನು ಕರೆಯುವುದು ಬೇಡ, ಯಾವ ಸಮಾರಂಭಕ್ಕೂ ಒಪ್ಪಿಕೊಳ್ಳುವುದು ಬೇಡ ಎಂದು ಫೋನಿನಲ್ಲಿಯೇ ಹೇಳಿಟ್ಟಿದ್ದೆ. ಒಬ್ಬಿಬ್ಬರು ಬೇಸರಪಟ್ಟುಕೊಂಡರು. ಆದರೆ ಆ ವಾರ ನನ್ನನ್ನು ಉಳಿಸಿತು ಎಂದೇ ಹೇಳುತ್ತೇನೆ.

ದೇಹದ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಮನಸ್ಸು ಮನೆಗೆ ಬಂದೆನೆಂದು ಒಪ್ಪಿಕೊಂಡ ಮೇಲೂ ದೇಹ ಬಹಳ ಕಾಲ ಒಪ್ಪುವುದಿಲ್ಲ. ಬಾಗಿಲು ಗಾಳಿಗೆ ಬಡಿದುಕೊಂಡರೆ, ಪಾತ್ರೆ ಜಾರಿ ಬಿದ್ದರೆ ನಾನು ಬೆಚ್ಚಿಬೀಳುತ್ತಿದ್ದೆ. ದೊಡ್ಡ ಸದ್ದು ಕಿವಿಗೆ ಬಿದ್ದ 30ರಿಂದ 50 ಮಿಲಿಸೆಕೆಂಡುಗಳಲ್ಲಿ ಕಣ್ಣೆವೆ ಮಿಟುಕಿಬಿಡುತ್ತದೆ. ಈ ಪ್ರತಿಕ್ರಿಯೆ ಮಿದುಳಿನ ಕಾಂಡದ ಮಟ್ಟದಲ್ಲಿಯೇ ಹುಟ್ಟುವುದರಿಂದ ಯೋಚನೆ ಅದನ್ನು ಮುಂಚಿತವಾಗಿ ತಡೆಯಲಾರದು. ಇದನ್ನು ಅರಿತ ಮೇಲೆ ನನ್ನನ್ನು ನಾನು ಅಂಜುಬುರುಕನೆಂದು ಹಳಿದುಕೊಳ್ಳುವುದು ನಿಂತಿತು. ಬೆಚ್ಚುವುದನ್ನು ತಡೆಯುವ ಪ್ರಯತ್ನ ಬಿಟ್ಟು, ಬೆಚ್ಚಿದ ನಂತರದ ನಿಮಿಷವನ್ನು ಕೈಗೆ ತೆಗೆದುಕೊಂಡೆ: ಕಾಲುಗಳನ್ನು ನೆಲಕ್ಕೆ ಗಟ್ಟಿಯಾಗಿ ಊರಿ, ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡುತ್ತ, ಸದ್ದು ಎಲ್ಲಿಂದ ಬಂತೆಂಬುದನ್ನು ಬಾಯಿಬಿಟ್ಟು ಹೇಳುತ್ತಿದ್ದೆ. 'ಬಾಗಿಲು', ಅಷ್ಟೇ. ಮಕ್ಕಳೂ ಇದನ್ನು ಕಲಿತರು. ಏನಾದರೂ ಬಿದ್ದರೆ ಒಳಗಿನಿಂದಲೇ 'ಅಪ್ಪಾ, ತಟ್ಟೆ ಬಿತ್ತು' ಎಂದು ಕೂಗುತ್ತಿದ್ದರು. ಮಲಗಿರುವಾಗ ನನ್ನನ್ನು ಮುಟ್ಟಿ ಎಬ್ಬಿಸಬಾರದು, ಬಾಗಿಲ ಬಳಿ ನಿಂತು ಕರೆಯಬೇಕು ಎಂಬುದೊಂದು ಕಟ್ಟಳೆಯನ್ನೂ ಮಾಡಿದೆವು. ನಿದ್ದೆಗಣ್ಣಿನಲ್ಲಿ ನನ್ನ ಕೈ ಯಾರಿಗೂ ತಗುಲಬಾರದೆಂಬ ಕಾಳಜಿಯಿಂದ ಮಾಡಿದ ಕಟ್ಟಳೆಯಿದು ಎಂದು ಮಕ್ಕಳಿಗೆ ಬಿಡಿಸಿ ಹೇಳಿದ್ದರಿಂದ ಅವರು ಅದನ್ನು ದೂರ ಸರಿಸಿದ್ದೆಂದು ಭಾವಿಸಲಿಲ್ಲ.

ನಿದ್ದೆ ಇನ್ನೂ ಹಠಮಾರಿ. ಸರದಿಯ ಪಹರೆಗೆ ಒಗ್ಗಿದ ದೇಹ ನಡುರಾತ್ರಿ ತಾನಾಗಿ ಎಚ್ಚರಗೊಳ್ಳುತ್ತಿತ್ತು, ಎಚ್ಚರವಾದೊಡನೆ ಬಾಗಿಲು ಕಿಟಕಿಗಳನ್ನು ನೋಡಿ ಬರಬೇಕೆನಿಸುತ್ತಿತ್ತು. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಬೂಟ್‌ಜಿನ್ 1972ರಲ್ಲಿ ರೂಪಿಸಿದ ವಿಧಾನವೊಂದನ್ನು ನಾನು ಅನುಸರಿಸಿದೆ. ಹಾಸಿಗೆ ನಿದ್ದೆಗೇ ಮೀಸಲಾಗಿರಬೇಕು; ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು; ಕಣ್ಣು ಎಳೆಯತೊಡಗಿದಾಗ ಮಾತ್ರ ಮರಳಬೇಕು; ರಾತ್ರಿ ಎಷ್ಟೇ ಕಡಿಮೆ ಮಲಗಿದ್ದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು, ಹಗಲು ಮಲಗಬಾರದು. ಕೇಳಲು ಸರಳವಾದರೂ ಮೊದಮೊದಲು ಇದರಿಂದ ಆಯಾಸವೇ ಹೆಚ್ಚುತ್ತದೆ, ಅದನ್ನು ಸಹಿಸಿಕೊಂಡು ಮುಂದುವರಿಯಬೇಕು. ಬಾಗಿಲು ನೋಡುವ ಅಭ್ಯಾಸವನ್ನು ಒಮ್ಮೆಗೇ ಬಿಡಲು ಹೋಗಲಿಲ್ಲ. ಮಲಗುವ ಮುನ್ನ ಹೆಂಡತಿಯ ಜೊತೆ ಒಂದು ಸುತ್ತು, ಆಮೇಲೆ ಬೆಳಗಿನವರೆಗೆ ಇಲ್ಲ. ಕೆಲವು ವಾರಗಳ ನಂತರ ಆ ಸುತ್ತನ್ನು ಅವಳೊಬ್ಬಳೇ ಹಾಕುತ್ತಿದ್ದಳು, ನಾನು ಮಲಗಿದಲ್ಲೇ ಇರುತ್ತಿದ್ದೆ. ಮದ್ಯವನ್ನು ಆ ತಿಂಗಳುಗಳಲ್ಲಿ ಪೂರ್ತಿ ದೂರವಿಟ್ಟೆ. ಅದು ಬೇಗ ಮಂಪರು ತರುತ್ತದೆ, ಆದರೆ ರಾತ್ರಿಯ ಉತ್ತರಾರ್ಧದ ನಿದ್ದೆಯನ್ನು ಹರಿದುಹಾಕುತ್ತದೆ, ಕೆಟ್ಟ ಕನಸುಗಳು ಬೀಳುವವರಿಗಂತೂ ಅದು ಸಲ್ಲದು.

ವಾಹನ ನಡೆಸುವುದಕ್ಕೆ ಅವಸರಪಡಲಿಲ್ಲ. ರಸ್ತೆಬದಿಯ ಪೊಟ್ಟಣ, ಹಿಂದೆ ಅಂಟಿಕೊಂಡು ಬರುವ ಗಾಡಿ, ಸೇತುವೆಯ ಕೆಳಗಿನ ನೆರಳು ಇವುಗಳ ಮೇಲೆಯೇ ಕಣ್ಣು ನೆಡುತ್ತಿದ್ದುದರಿಂದ ಮೊದಲು ಪಕ್ಕದ ಸೀಟಿನಲ್ಲಿ ಕೂತು, ನಂತರ ದಟ್ಟಣೆಯಿಲ್ಲದ ಹೊತ್ತಿನಲ್ಲಿ ಪರಿಚಿತ ದಾರಿಯಲ್ಲಿ ನಡೆಸಿ ರೂಢಿ ಮಾಡಿಕೊಂಡೆ.

ಇನ್ನು ಮನೆಯ ಆಡಳಿತದ ಮಾತು. ನನ್ನ ಮಟ್ಟಿಗೆ ಹೊಂದಾಣಿಕೆಯ ತಿರುಳು ಇಲ್ಲಿಯೇ ಇದೆ, ಮತ್ತು ಹಿಂದಿರುಗಿದ ಅನೇಕ ಸಂಗಾತಿಗಳ ಮನೆಗಳಲ್ಲಿ ಮನಸ್ತಾಪ ಹುಟ್ಟಿದ್ದನ್ನು ಕಂಡದ್ದೂ ಇಲ್ಲಿಯೇ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸೈನಿಕ ಕುಟುಂಬಗಳನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ರೂಬೆನ್ ಹಿಲ್, 1949ರಲ್ಲಿ ಪ್ರಕಟಿಸಿದ ತಮ್ಮ ಬರಹದಲ್ಲಿ, ಅಗಲಿಕೆಯನ್ನು ಮಾತ್ರವಲ್ಲ, ಮರಳಿ ಕೂಡುವುದನ್ನೂ ಕುಟುಂಬದ ಬಿಕ್ಕಟ್ಟೆಂದೇ ಪರಿಗಣಿಸಿದರು. ಮರಳುವುದು ಸಂತೋಷದ ಸಂಗತಿಯಾಗಿರುವಾಗ ಅದು ಬಿಕ್ಕಟ್ಟು ಹೇಗಾದೀತು ಎಂದು ಯಾರಿಗಾದರೂ ಅನ್ನಿಸಬಹುದು. ನಮ್ಮ ಮನೆಯ ಒಂದು ಬೆಳಗನ್ನು ನೋಡಿದಾಗ ನನಗದು ಸ್ಪಷ್ಟವಾಯಿತು. ಮಗಳು ಎದ್ದು ತಾನೇ ತಮ್ಮನ ಚೀಲದಲ್ಲಿ ನೀರಿನ ಬಾಟಲಿ ಇಡುತ್ತಾಳೆ; ಅಮ್ಮ ಅವನ ಶೂಗಳ ಪಟ್ಟಿಯನ್ನು ಸಡಿಲಿಸಿ ಬಾಗಿಲ ಬಳಿ ಜೋಡಿಸಿರುತ್ತಾರೆ; ಹೆಂಡತಿ ಬೀಗದ ಕೈಯನ್ನು ಯಾವಾಗಲೂ ಅದೇ ಮೊಳೆಗೆ ತಗುಲಿಸಿ, ಆ ದಿನ ಕಟ್ಟಬೇಕಾದ ಬಿಲ್ಲನ್ನು ಕೈಚೀಲದ ಹೊರಜೇಬಿಗೆ ಹಾಕಿಕೊಳ್ಳುತ್ತಾಳೆ. ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ಇಷ್ಟು ಹದವಾಗಿ ನಡೆಯುವ ಕೆಲಸದ ನಡುವೆ ನಾನು ನಿಂತರೆ ಎಲ್ಲರೂ ನನ್ನನ್ನು ಸುತ್ತಿಕೊಂಡು ಹೋಗಬೇಕಾಗುತ್ತದೆ.

ಆದ್ದರಿಂದ ಮೊದಲ ತಿಂಗಳು ಮನೆಯಲ್ಲಿ ಯಾವುದನ್ನೂ ಬದಲಿಸುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟೆ. 'ನಾನು ಯಾವ ಕೆಲಸ ವಹಿಸಿಕೊಳ್ಳಲಿ, ನೀನೇ ಹೇಳು' ಎಂದು ಕೇಳಿದಾಗ ಅವಳು ಸ್ವಲ್ಪ ಯೋಚಿಸಿ, 'ಬೆಳಿಗ್ಗೆಯದನ್ನು ಈಗಲೇ ಮುಟ್ಟಬೇಡಿ. ಸಂಜೆ ಮಗನ ಪಾಠ ನೋಡಿಕೊಳ್ಳಿ, ಅತ್ತೆಯವರ ಔಷಧಿಯ ಜವಾಬ್ದಾರಿ ತೆಗೆದುಕೊಳ್ಳಿ' ಎಂದಳು. ಕೊಟ್ಟ ಕೆಲಸವನ್ನು ಅವಳು ಮಾಡುತ್ತಿದ್ದ ರೀತಿಯಲ್ಲಿಯೇ ಮಾಡಿದೆ. ನನ್ನದೇ ರೀತಿ ಉತ್ತಮವೆನಿಸಿದಾಗಲೂ ತಿಂಗಳು ಕಳೆಯುವವರೆಗೆ ಆಡಲಿಲ್ಲ, ಕಳೆದ ಮೇಲೆ ನೋಡಿದರೆ ಅವುಗಳಲ್ಲಿ ಹೆಚ್ಚಿನವು ಹೇಳಬೇಕಾದವುಗಳೇ ಆಗಿರಲಿಲ್ಲ. ಹಣಕಾಸಿನ ತೀರ್ಮಾನಗಳನ್ನು ಮಾತ್ರ ವಾರಕ್ಕೊಮ್ಮೆ ಇಬ್ಬರೂ ಕೂತು ಮಾಡಿದೆವು.

ದನಿಯ ಬಗ್ಗೆಯೂ ಎಚ್ಚರ ವಹಿಸಿದೆ. ಮುಂಚೂಣಿಯಲ್ಲಿ ಮಾತು ಚುಟುಕಾಗಿರಬೇಕು, ಹೇಳಿದ ತಕ್ಷಣ ಕೆಲಸ ಆಗಬೇಕು. ವಿಳಂಬದಿಂದ ಪ್ರಾಣ ಹೋದೀತು. ಅದೇ ಚುಟುಕು ಮಾತು ಮನೆಯಲ್ಲಿ ಗದರಿಕೆಯಾಗಿ ಕೇಳಿಸುತ್ತದೆ. ಹೇಳುವ ಪ್ರತಿಯೊಂದು ಮಾತಿಗೂ ಒಂದು ಕಾರಣವನ್ನು ಜೋಡಿಸುವ ಅಭ್ಯಾಸವನ್ನು ಬೇಕೆಂದೇ ಮಾಡಿಕೊಂಡೆ, ಏಕೆಂದರೆ ಕಾರಣ ಹೇಳತೊಡಗಿದರೆ ದನಿ ತಾನಾಗಿ ಇಳಿಯುತ್ತದೆ.

ಮಕ್ಕಳಲ್ಲಿ ಇಬ್ಬರದೂ ಬೇರೆಬೇರೆ ದಾರಿ. ನಾನು ಹೊರಟಾಗ ಇನ್ನೂ ಮಾತು ಬಾರದಿದ್ದ ಮಗ ನನ್ನ ಬಳಿ ಬರಲೇ ಒಪ್ಪಲಿಲ್ಲ. ಸುಮಾರು ಎಂಟು ತಿಂಗಳ ವಯಸ್ಸಿನಿಂದ ಅಪರಿಚಿತರ ಭಯ ಹುಟ್ಟುವುದು ಮಗುವಿನ ಬೆಳವಣಿಗೆಯ ಸಹಜ ಭಾಗ, ಎಳೆಯ ಮಗುವಿಗೆ ದೀರ್ಘಕಾಲ ಕಾಣದ ತಂದೆಯೂ ಅಪರಿಚಿತನೇ. ನನ್ನ ಮಗ ಆ ವಯಸ್ಸನ್ನು ದಾಟಿದ್ದರೂ ಅವನ ಹಿಂಜರಿಕೆಯನ್ನು ಹಾಗೆಯೇ ಅರ್ಥ ಮಾಡಿಕೊಂಡೆ. ಎತ್ತಿಕೊಳ್ಳಲು ಕೈಚಾಚದೆ, ಅವನು ಆಡುತ್ತಿದ್ದ ಕಡೆ ನೆಲದ ಮೇಲೆ ಕೂತು ನನ್ನ ಪಾಡಿಗೆ ಮರದ ತುಂಡುಗಳನ್ನು ಜೋಡಿಸುತ್ತಿದ್ದೆ. ಅವನಾಗಿಯೇ ಬಂದು ಒಂದು ತುಂಡನ್ನು ನನ್ನ ಕೈಗಿತ್ತಾಗಲೂ ಮುದ್ದಿಸಲು ಹೋಗದೆ ಅದನ್ನು ಜೋಡಿಸಿದೆನಷ್ಟೆ. ಮಗಳಿಗಿದ್ದದ್ದು ಭಯವಲ್ಲ, ಸಿಟ್ಟು. 'ನನ್ನ ಹಾಡಿನ ಸ್ಪರ್ಧೆಗೆ ನೀವು ಇರಲಿಲ್ಲ' ಎಂದಳು. ಅದಕ್ಕೆ ಕರ್ತವ್ಯದ ವಿವರಣೆ ಕೊಡುವುದಕ್ಕಿಂತ, 'ಹೌದು ಮಗಳೇ, ಇರಲಿಲ್ಲ. ಯಾವ ಹಾಡು ಹೇಳಿದೆ, ನನಗೂ ಹೇಳು' ಎನ್ನುವುದೇ ಸರಿಯೆನಿಸಿತು.

ಅಲ್ಲಿ ನಡೆದದ್ದನ್ನು ಮನೆಯಲ್ಲಿ ಎಷ್ಟು ಹೇಳಬೇಕು ಎಂಬುದು ಪ್ರತಿಯೊಬ್ಬರೂ ತಾವೇ ನಿರ್ಧರಿಸಬೇಕಾದದ್ದು. ದೇಹ ಎದುರಿಗಿದ್ದೂ ಮನಸ್ಸು ಇಲ್ಲದಿರುವ ವ್ಯಕ್ತಿಯೊಡನೆ ಬಾಳುವುದು ಕುಟುಂಬದವರಿಗೆ ಒಂದು ಬಗೆಯ ಅಗಲಿಕೆಯೇ ಆಗಿರುತ್ತದೆ ಎಂದು ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ವಿವರಿಸಿದ್ದಾರೆ. ಪೂರ್ಣ ಮೌನ ಹೆಂಡತಿಯನ್ನು ಅಂಥ ಸ್ಥಿತಿಗೆ ತಳ್ಳಬಾರದೆಂಬುದು ನನ್ನ ಕಳಕಳಿಯಾಗಿತ್ತು. ನಾವು ಮಾಡಿಕೊಂಡ ಒಪ್ಪಂದವೆಂದರೆ, ಅವಳು ಕೇಳಿದಾಗ ನಾನು 'ಈಗ ಬೇಡ' ಎನ್ನಬಹುದು, ಆದರೆ ಹಾಗೆಂದವನು ಯಾವಾಗ ಹೇಳುತ್ತೇನೆಂಬುದನ್ನೂ ಹೇಳಬೇಕು, ಮತ್ತು ಆ ಹೊತ್ತಿಗೆ ಬಂದು ಕೂರಬೇಕು. ಕುತೂಹಲಕ್ಕಾಗಿ ಕೇಳುವ ಹೊರಗಿನವರಿಗೆ 'ಆ ವಿಷಯ ನಾನು ಮಾತಾಡುವುದಿಲ್ಲ' ಎಂಬ ಒಂದೇ ವಾಕ್ಯ ಸಾಕಾಯಿತು. ಮನೆಯವರಿಗೆ ಹೇಳಲಾಗದ್ದನ್ನು ಹೇಳಿಕೊಳ್ಳಲು ತುಕಡಿಯ ಗೆಳೆಯನೊಬ್ಬನಿದ್ದ. ನಿಗದಿತ ದಿನ ಪರಸ್ಪರ ಫೋನು ಮಾಡುವುದನ್ನು ನಾವು ತಪ್ಪಿಸಲಿಲ್ಲ.

ಇಷ್ಟೆಲ್ಲ ಮಾಡಿಯೂ ಕೆಲವು ಕನಸುಗಳು ಬಿಡಲಿಲ್ಲ, ಹಾಗಾಗಿ ಮನೋವೈದ್ಯರ ಬಳಿ ಹೋದೆ. ಆಘಾತದ ನಂತರದ ಈ ಬಾಧೆಯನ್ನು ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಗೆ ಸೇರಿಸಿತು. ಬೇಡದ ನೆನಪುಗಳು ಮರುಕಳಿಸುವುದು, ಅವನ್ನು ನೆನಪಿಸುವ ಜಾಗ ಮತ್ತು ಜನರಿಂದ ದೂರ ಸರಿಯುವುದು, ಸದಾ ಕಟ್ಟೆಚ್ಚರದಲ್ಲಿರುವುದು, ಭಾವನೆಗಳು ಮರಗಟ್ಟುವುದು ಇವು ಒಂದು ತಿಂಗಳಿಗೂ ಮೀರಿ ಉಳಿದು ದಿನದ ಬದುಕಿಗೆ ಅಡ್ಡಿಯಾದರೆ ತಜ್ಞರನ್ನು ಕಾಣಲೇಬೇಕು. ನೆನಪನ್ನು ಸುರಕ್ಷಿತ ವಾತಾವರಣದಲ್ಲಿ ಮತ್ತೆಮತ್ತೆ ಎದುರಿಸುವ, ಮನೋವಿಜ್ಞಾನಿ ಎಡ್ನಾ ಫೋವಾ ರೂಪಿಸಿದ ಚಿಕಿತ್ಸೆ ನನಗೆ ಒಗ್ಗಿತು. ಅದು ಸುಲಭವಲ್ಲ, ಆದರೆ ಫಲ ಕೊಡುತ್ತದೆ. ಕಿವಿಯಲ್ಲಿ ಗುಂಯ್‌ಗುಡುವ ಸದ್ದಿಗೂ ಪರೀಕ್ಷೆ ಮಾಡಿಸಿಕೊಂಡೆ. ಗುಂಡಿನ ಸದ್ದಿಗೆ ಒಡ್ಡಿಕೊಂಡವರು ಶ್ರವಣ ಪರೀಕ್ಷೆಯನ್ನು ಮರೆಯಬಾರದು, ಮಾತು ಸರಿಯಾಗಿ ಕೇಳಿಸದಿರುವುದನ್ನು ಮನೆಯವರು ಉದಾಸೀನವೆಂದು ತಿಳಿಯುವ ಸಂಭವವಿರುತ್ತದೆ. ಸಾಯಬೇಕೆಂಬ ಯೋಚನೆ ಯಾರಿಗಾದರೂ ಸುಳಿದರೆ ಅದೇ ದಿನ ಒಬ್ಬರಿಗಾದರೂ ಹೇಳಿ, ಆಯುಧವಿದ್ದರೆ ಅದನ್ನು ಮನೆಯಿಂದ ಹೊರಗೆ ಬೇರೆಯವರ ವಶಕ್ಕೆ ಕೊಟ್ಟು, ವೈದ್ಯರಲ್ಲಿಗೆ ಹೋಗಬೇಕೆಂದು ನನ್ನ ಎಲ್ಲ ಸಂಗಾತಿಗಳಲ್ಲೂ ಬೇಡಿಕೊಳ್ಳುತ್ತೇನೆ.

ಮುಂದಿನ ನಿಯೋಜನೆಯ ಆದೇಶ ಬಂದಾಗ ನಾನು ವಹಿಸಿಕೊಂಡಿದ್ದ ಕೆಲಸಗಳನ್ನು, ಅಮ್ಮನ ಔಷಧಿಯ ಹೊತ್ತುಗಳ ಸಮೇತ, ಒಂದು ನೋಟ್‌ಬುಕ್ಕಿನಲ್ಲಿ ಬರೆದು ಹೆಂಡತಿಗೆ ಕೊಟ್ಟೆ. ಯಾವ ಕೆಲಸ ಯಾರ ಕೈಗೆ ಹೋಗುತ್ತದೆ, ಮರಳಿದ ಮೊದಲ ತಿಂಗಳು ಅವುಗಳಲ್ಲಿ ಯಾವುದು ನನಗೆ ಸಿಗುತ್ತದೆ ಎಂಬುದನ್ನು ಈ ಸಲ ಹೊರಡುವ ಮುನ್ನವೇ ಇಬ್ಬರೂ ಕೂತು ಗೊತ್ತುಮಾಡಿಕೊಂಡೆವು.