ಮಾತಿಸ್ ಪಾಠಕ್ಕೆ ಪೆನ್ಸಿಲ್ ಬೇಡ

ಮೊದಲು ಪೆನ್ಸಿಲ್ಲಿನಲ್ಲಿ ಗೆರೆ, ಆಮೇಲೆ ಗೆರೆಯೊಳಗೆ ಬಣ್ಣ. ಧಾರವಾಡದ ನಮ್ಮ ಮನೆಯ ಪಡಸಾಲೆಗೆ ಚಿತ್ರ ಕಲಿಯಲು ಬರುವ 8ರಿಂದ 12 ವರ್ಷದ ಮಕ್ಕಳೆಲ್ಲ ಈ ಅಭ್ಯಾಸವನ್ನು ಹೊತ್ತುಕೊಂಡೇ ಬರುತ್ತಾರೆ. ಗೆರೆ ಸೊಟ್ಟಾದರೆ ರಬ್ಬರ್, ಬಣ್ಣ ಗೆರೆ ದಾಟಿದರೆ ಮುಖ ಸಪ್ಪೆ. ಇದನ್ನು ಬಿಡಿಸಲಿಕ್ಕೆಂದೇ ನಾನು ಫ್ರೆಂಚ್ ಚಿತ್ರಕಾರ ಹೆನ್ರಿ ಮಾತಿಸ್‌ನ ಕಾಗದ ಕತ್ತರಿಸಿ ಮಾಡಿದ ಚಿತ್ರಗಳನ್ನು ಪಾಠಕ್ಕೆ ಇಟ್ಟುಕೊಂಡೆ. ಈಗ ಪ್ರತಿ ಬೇಸಿಗೆ ರಜೆಯಲ್ಲೂ ಮಾಡಿಸುತ್ತೇನೆ.

ಪೆನ್ಸಿಲ್ ತರಬೇಡಿ ಅಂದ ಕೂಡಲೇ ಬರುವ ಪ್ರಶ್ನೆ ಒಂದೇ: “ತಪ್ಪಾದ್ರ ಅಳಸೋದು ಹೆಂಗ್ರಿ ಟೀಚರ್?” ಅಳಿಸುವುದಿಲ್ಲ, ಇನ್ನೊಂದು ಕತ್ತರಿಸುತ್ತೀರಿ ಎಂದರೆ ಅರ್ಧ ಮಕ್ಕಳಿಗೆ ಖುಷಿ, ಅರ್ಧ ಮಕ್ಕಳಿಗೆ ಗಾಬರಿ.

ಜೀವನಕಥೆಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಹುಟ್ಟಿದ್ದು 1869ರಲ್ಲಿ, ಬೆಳೆದದ್ದು ಉತ್ತರ ಫ್ರಾನ್ಸಿನ ನೇಕಾರರ ಊರಿನಲ್ಲಿ. ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಕಾಯಿಲೆ ಬಿದ್ದು ಮಲಗಿದ್ದವನಿಗೆ ಅಮ್ಮ ಹೊತ್ತು ಕಳೆಯಲೆಂದು ಬಣ್ಣದ ಪೆಟ್ಟಿಗೆ ತಂದುಕೊಟ್ಟಳು. ಇಷ್ಟು ಸಾಕು. ಆದರೆ ಒಂದು ವಿಷಯದಲ್ಲಿ ನಾನು ಹಟಮಾರಿ. 1941ರಲ್ಲಿ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಹೆಚ್ಚು ಹೊತ್ತು ನಿಂತು ಬ್ರಷ್ ಹಿಡಿಯಲಾಗದೆ ಕತ್ತರಿ ಹಿಡಿದ, ಪಾಪ, ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಅದಕ್ಕೂ ಹತ್ತು ವರ್ಷ ಮೊದಲೇ, ಅಮೆರಿಕದ ಬಾರ್ನ್ಸ್ ಸಂಗ್ರಹಕ್ಕಾಗಿ ‘ನೃತ್ಯ’ ಎಂಬ ದೊಡ್ಡ ಭಿತ್ತಿಚಿತ್ರ ಮಾಡುವಾಗ, ಬಣ್ಣದ ಕಾಗದದ ತುಂಡುಗಳನ್ನು ಅತ್ತಿತ್ತ ಸರಿಸಿ ಆಕಾರಗಳ ಜಾಗ ಗೊತ್ತು ಮಾಡುತ್ತಿದ್ದ. ಕಾಯಿಲೆ ಆ ದಾರಿಯನ್ನು ಮುಖ್ಯ ದಾರಿ ಮಾಡಿತು, ಅಷ್ಟೇ. ಮಕ್ಕಳು ಕನಿಕರದಿಂದ ಅವನ ಚಿತ್ರ ನೋಡುವುದು ನನಗೆ ಬೇಕಿಲ್ಲ.

ಮೊದಲ ದಿನ ಪೂರ್ತಿ ಕಾಗದಕ್ಕೆ ಬಣ್ಣ ಬಳಿಯುವುದೇ ಕೆಲಸ. ಅಂಗಡಿಯಲ್ಲಿ ಸಿಗುವ ಬಣ್ಣದ ಗ್ಲೇಜ್ ಪೇಪರ್ ತಂದರೆ ಸುಲಭ, ಬಹಳ ಶಾಲೆಗಳಲ್ಲಿ ಹಾಗೇ ಮಾಡಿಸುತ್ತಾರೆ. ನನ್ನ ಮಟ್ಟಿಗೆ ಅಲ್ಲಿಗೆ ಮಾತಿಸ್ ಮುಗಿದ. ಅವನ ಸಹಾಯಕರು ಬಿಳಿ ಕಾಗದದ ಮೇಲೆ ಗ್ವಾಶ್ ಬಳಿದು ಒಣಗಿಸಿಡುತ್ತಿದ್ದರು, ಅವನು ಆ ಬಣ್ಣದೊಳಗೇ ಕತ್ತರಿ ಓಡಿಸುತ್ತಿದ್ದ. ಬ್ರಷ್ಷಿನ ಜಾಡು ಆ ಕಾಗದಗಳ ಮೇಲೆ ಇವತ್ತಿಗೂ ಕಾಣುತ್ತದೆ. ಗ್ವಾಶ್ ಎಂದರೆ ಕೆಳಗಿನ ಕಾಗದವನ್ನು ಪೂರ್ತಿ ಮುಚ್ಚುವ ನೀರುಬಣ್ಣ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಪೋಸ್ಟರ್ ಕಲರ್. ಹದ ಮಜ್ಜಿಗೆಗಿಂತ ಗಟ್ಟಿ, ದೋಸೆ ಹಿಟ್ಟಿಗಿಂತ ತೆಳು ಇರಬೇಕು. ತೆಳುವಾದರೆ ಕಾಗದ ಇಣುಕುತ್ತದೆ, ಗಟ್ಟಿಯಾದರೆ ಒಣಗಿದ ಮೇಲೆ ಕತ್ತರಿಸುವಾಗ ಬಿರಿದು ಉದುರುತ್ತದೆ. ಡ್ರಾಯಿಂಗ್ ಶೀಟ್ ಮೇಲೆ ಅಗಲ ಚಪ್ಪಟೆ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಎಳೆಯಿರಿ ಎನ್ನುತ್ತೇನೆ. ಒಬ್ಬ ನೀಲಿಗೆ ಹನಿ ಬಿಳಿ ಸೇರಿಸುತ್ತಾನೆ, ಪಕ್ಕದವಳು ಚೂರು ಹಸಿರು. ಸಂಜೆಗೆ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟ ಹಾಳೆಗಳಲ್ಲಿ ಒಂದರಂತೆ ಇನ್ನೊಂದು ನೀಲಿ ಇರುವುದಿಲ್ಲ. ಒಣಗಿದಾಗ ಸುರುಳಿ ಸುತ್ತಿಕೊಳ್ಳುವ ಹಾಳೆಗಳನ್ನು ರಾತ್ರಿ ದಪ್ಪ ಪುಸ್ತಕಗಳ ಕೆಳಗೆ ಒತ್ತಿಡಬೇಕು.

ಎರಡನೇ ದಿನ ಕತ್ತರಿ. ಹೇಳಿಕೊಡುವುದು ಒಂದೇ ಕೌಶಲ: ಕತ್ತರಿ ಇದ್ದಲ್ಲೇ ಇರಲಿ, ಕಾಗದ ತಿರುಗಲಿ. ಮಕ್ಕಳು ಸಹಜವಾಗಿ ಕತ್ತರಿಯ ತುದಿಯಿಂದ ಚಿಕ್ಕ ಚಿಕ್ಕ ಕಡಿತ ಕಡಿಯುತ್ತಾರೆ, ಅಂಚು ಗರಗಸದ ಹಾಗೆ ಆಗುತ್ತದೆ. ಅಲಗನ್ನು ಪೂರ್ತಿ ತೆರೆದು, ಬುಡದ ಹತ್ತಿರದಿಂದ ಕತ್ತರಿಸುತ್ತಾ, ಎಡಗೈಯಲ್ಲಿ ಹಾಳೆಯನ್ನು ನಿಧಾನವಾಗಿ ಹೊರಳಿಸಿದರೆ ಬಳುಕುವ ಅಂಚು ತಾನಾಗಿ ಬರುತ್ತದೆ. ಎಡಗೈ ಮಕ್ಕಳಿಗೆ ಬೇರೆ ಕತ್ತರಿಯೇ ಬೇಕು. ಮಾಮೂಲಿ ಕತ್ತರಿಯನ್ನು ಅವರು ಹಿಡಿದರೆ ಅಲಗುಗಳ ನಡುವೆ ಸಂದು ಬಿಟ್ಟು ಕಾಗದ ಮಡಚಿಕೊಳ್ಳುತ್ತದೆ. ಮಗುವಿನ ಕೈ ಸರಿಯಿಲ್ಲ ಎಂದು ಬೈಯುವವರು ಇದನ್ನು ಒಮ್ಮೆ ನೋಡಬೇಕು.

ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗಿ ಹಸಿರು ಹಾಳೆಯಿಂದ ಪಾಚಿಯಂಥ ಉದ್ದ ಎಲೆಯೊಂದನ್ನು ಕತ್ತರಿಸಿದಳು. ಉಳಿದ ಹಾಳೆಯನ್ನು ಬುಟ್ಟಿಗೆ ಹಾಕಲು ಎದ್ದಾಗ ತಡೆದೆ. ಅದನ್ನು ಹಳದಿ ಹಾಳೆಯ ಮೇಲಿಟ್ಟಳು. ಎಲೆ ಹೋದ ಜಾಗದಲ್ಲಿ ಹಳದಿ ಎಲೆ ಬಂತು. “ಒಂದು ಕತ್ತರಸಿದ್ರ ಎರಡು ಬರ್ತಾವಲ್ರೀ!” ಎಂದು ಇಡೀ ಪಡಸಾಲೆಗೆ ಸಾರಿದಳು. ಕತ್ತರಿಸಿ ತೆಗೆದ ಆಕಾರ, ಉಳಿದ ಖಾಲಿ ಆಕಾರ ಎರಡನ್ನೂ ಮಾತಿಸ್ ಬಳಸುತ್ತಿದ್ದ ಎಂದು ನಾನು ಆಗ ಹೇಳಿದೆ. ಆ ದಿನದಿಂದ ಕಸದ ಬುಟ್ಟಿ ಖಾಲಿ.

ಆಮೇಲಿನದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಮಾತಿಸ್ ತುಂಡುಗಳನ್ನು ಕೂಡಲೇ ಅಂಟಿಸುತ್ತಿರಲಿಲ್ಲ. ಸಹಾಯಕರು ಗೋಡೆಗೆ ಪಿನ್ ಚುಚ್ಚುತ್ತಿದ್ದರು. ಅವನು ಗಾಲಿಕುರ್ಚಿಯಲ್ಲೋ ಹಾಸಿಗೆಯಲ್ಲೋ ಕೂತು, ಮೇಲೆ, ಕೆಳಗೆ, ಪಕ್ಕಕ್ಕೆ ಎಂದು ಹೇಳುತ್ತಿದ್ದ. ಮೂಲಕೃತಿಗಳಲ್ಲಿ ಆ ಪಿನ್ನಿನ ತೂತುಗಳು ಇನ್ನೂ ಇವೆ. ನಾನು ಥರ್ಮಾಕೋಲ್ ಹಲಗೆಗಳಿಗೆ ಹಳೆಯ ಬಿಳಿ ಬೆಡ್‌ಶೀಟ್ ಸುತ್ತಿ ಗೋಡೆಗೆ ಒರಗಿಸುತ್ತೇನೆ. ಒಂದು ಮಗು ಕುರ್ಚಿಯಲ್ಲಿ ಕೂರಬೇಕು, ಏಳುವಂತಿಲ್ಲ, ಬೆರಳು ತೋರಿಸುವಂತೆಯೂ ಇಲ್ಲ. ಬಾಯಲ್ಲಿ ಹೇಳಿದಂತೆ ಉಳಿದವರು ಗುಂಡುಪಿನ್ನು ಚುಚ್ಚುತ್ತಾರೆ. “ಆ ಕೆಂಪು ಸ್ವಲ್ಪ ಎಡಕ್ಕ ತಗೋ, ಹಂಗಲ್ಲೋ, ನೀಲಿಗೆ ತಾಗಬಾರದು ನೋಡು.” ಯಾವ ಬಣ್ಣ ಯಾವುದರ ಪಕ್ಕ ಕೂತರೆ ಏನಾಗುತ್ತದೆ ಎಂದು ನಾನು ಬೋರ್ಡಿನ ಮೇಲೆ ಬರೆದು ಕಲಿಸಿದ್ದಕ್ಕಿಂತ ಈ ಜಗಳದಲ್ಲಿ ಅವರು ಹೆಚ್ಚು ಕಲಿಯುತ್ತಾರೆ.

ಕೆಲಸ ಮಾಡಿ ಕೈ ಪಳಗಿದ ಮೇಲೆಯೇ ಮಾತಿಸ್‌ನ ಚಿತ್ರಗಳನ್ನು ತೋರಿಸುವುದು. ಮೊದಲೇ ತೋರಿಸಿದರೆ ನಕಲು ಶುರುವಾಗುತ್ತದೆ. ‘ಬಸವನಹುಳು’ ಎಂಬ 1953ರ ಚಿತ್ರ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಪುಸ್ತಕದಲ್ಲಿ ಅಂಗೈಯಷ್ಟು ಕಾಣುವ ಅದರ ಒಂದೊಂದು ಬದಿಯೂ ಸುಮಾರು 2.86 ಮೀಟರ್. ಟೇಪ್ ಹಿಡಿದು ನೆಲದ ಮೇಲೆ ಅಷ್ಟು ಚೌಕ ಬಳಪದಲ್ಲಿ ಎಳೆದರೆ ಇಡೀ ತರಗತಿ ಅದರೊಳಗೆ ಕೂರುತ್ತದೆ. ಬಸವನಹುಳು ಎಲ್ಲಿ ಎಂದು ಕೇಳಿದರೆ, ಬಣ್ಣದ ತುಂಡುಗಳು ಸುರುಳಿಯಾಗಿ ಸುತ್ತಿಕೊಂಡಿರುವುದನ್ನು ಯಾರಾದರೂ ಹಿಡಿಯುತ್ತಾರೆ. ಮೇಲಿನ ಎಡಮೂಲೆಯ ನೇರಳೆ ತುಂಡಿನ ಅಂಚಿನಲ್ಲಿ ಪುಟ್ಟ ಬಸವನಹುಳುವಿನ ಆಕಾರವೇ ಇದೆ. ಅದನ್ನು ಕಂಡುಹಿಡಿಯುವುದು ಹೆಚ್ಚಾಗಿ ತರಗತಿಯ ಅತಿ ಚಿಕ್ಕ ಮಗು. ‘ದೋಣಿ’ ಎಂಬ ಇನ್ನೊಂದು ಚಿತ್ರವನ್ನು ಎರಡೂ ಕಡೆಯಿಂದ ಹಿಡಿದು ಯಾವುದು ಮೇಲು ಎಂದು ಮತ ಹಾಕಿಸುತ್ತೇನೆ. 1961ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಅದು 47 ದಿನ ತಲೆಕೆಳಗಾಗಿ ತೂಗಿತ್ತು, ನೋಡಲು ಬಂದವರೊಬ್ಬರು ಹೇಳುವ ತನಕ. ದೊಡ್ಡವರಿಗೂ ಹೀಗಾಗುತ್ತದೆ ಎಂಬ ಸುದ್ದಿ ಮಕ್ಕಳಿಗೆ ಕೊಡುವ ನಗುವೇ ಬೇರೆ.

ಅಂಟಿಸುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಪಿನ್ನು ತೆಗೆದ ಕೂಡಲೇ ಜಾಗ ಮರೆತುಹೋಗುತ್ತದೆ. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ಅಂಚಿನವರೆಗೂ ತೆಳುವಾಗಿ ಸವರಿ. ಕೊನೆಯ ದಿನ ಪಾಲಕರು ಬಂದು ಇದು ಏನು, ಮೀನೋ ಹಕ್ಕಿಯೋ ಎಂದು ಕೇಳುತ್ತಾರೆ. ಮಗುವನ್ನೇ ಕೇಳಿ ಎನ್ನುತ್ತೇನೆ.

ಕತ್ತರಿ ಹಿಡಿಯಲಾಗದ ನಾಲ್ಕೈದು ವರ್ಷದ ತಮ್ಮ ತಂಗಿಯರೂ ಜೊತೆಗೆ ಬಂದಿರುತ್ತಾರೆ. ಅವರಿಗೆ ಅದೇ ಬಣ್ಣದ ಹಾಳೆ ಕೊಟ್ಟು ಕೈಯಿಂದ ಹರಿಯಲು ಹೇಳಿ. ‘ಬಸವನಹುಳು’ವಿನಲ್ಲೂ ಹರಿದ ಅಂಚುಗಳಿವೆ.