ಮೂಳೆ ಪುಡಿಯ ಪೇಟೆಂಟ್: ಅಮೆರಿಕದ ಸೆಕ್ಷನ್ 103 ಎದುರಾದಾಗ

ಬೀದರ್ ಕಡೆಯಿಂದ ಬಂದು ಇಲ್ಲಿ ಅಮೆರಿಕದ ಲ್ಯಾಬ್‌ಗಳಲ್ಲಿ ಮೂಳೆ ಕಸಿಯ ಸಾಮಗ್ರಿ ಮಾಡುವ ಹುಡುಗರು ಆಗಾಗ ಫೋನ್ ಮಾಡುತ್ತಾರೆ. "ಅಣ್ಣಾ, ಅರ್ಜಿ ರಿಜೆಕ್ಟ್ ಆಗ್ಯಾದ. ಸೆಕ್ಷನ್ 103 ಅಂತ ಬರ್ದಾರ, ಏನ್ ಮಾಡ್ಲಿ?" ಗಾಬರಿ ಬೇಡ. ಮೊದಲ ಸುತ್ತಿನಲ್ಲಿ ಇದು ಬಹಳ ಜನಕ್ಕೆ ಬರುತ್ತದೆ.

ಅಮೆರಿಕದ ಪೇಟೆಂಟ್ ಕಾನೂನಿನ ಈ 103 ಹೇಳುವುದು ಇಷ್ಟೇ: ನಿಮ್ಮದು ಹೊಸದೇ ಇರಬಹುದು, ಆದರೆ ಈ ಕೆಲಸ ಬಲ್ಲ ಸಾಮಾನ್ಯ ಕೆಲಸಗಾರನಿಗೂ ಅದು ಹೊಳೆಯುವಂತಿದ್ದರೆ ಪೇಟೆಂಟ್ ಇಲ್ಲ.

ನಮ್ಮೂರ ಬಿದ್ರಿ ಕೆಲಸ ನೆನೆಸಿಕೊಳ್ಳಿ. ಸತು ಜಾಸ್ತಿ, ತಾಮ್ರ ಚೂರು, ಸುಮಾರು 16ಕ್ಕೆ 1. ನಾನು 15ಕ್ಕೆ 1 ಹಾಕಿ ಹೂದಾನಿ ಎರಕ ಹೊಯ್ದೆ ಅಂದರೆ ಕಾರೀಗರರು ನಕ್ಕುಬಿಡುತ್ತಾರೆ. ಆದರೆ ಕೋಟೆಯ ಮಣ್ಣಿಗೆ (ನಾಲಿಗೆಗೆ ಹಚ್ಚಿ ನೋಡಿ ಆರಿಸುವ ಮಣ್ಣು ಅದು) ನವಸಾಗರ ಬೆರೆಸಿ ಹಚ್ಚಿದಾಗ ಮೈಯೆಲ್ಲ ಕಪ್ಪಾಗಿ ಬೆಳ್ಳಿ ಎಳೆ ಮಾತ್ರ ಬೆಳ್ಳಗೇ ಉಳಿಯುತ್ತದಲ್ಲ, ಮೊದಲ ಸಲ ಅದನ್ನು ಯಾರು ಎಣಿಸಿದ್ದರು? ಎಕ್ಸಾಮಿನರ್‌ಗೆ, ಅಂದರೆ ಅರ್ಜಿ ಪರಿಶೀಲಿಸುವ ಅಧಿಕಾರಿಗೆ, ಅಂಥದ್ದು ಬೇಕು.

ಈಗ ಮೂಳೆ ಪುಡಿಗೆ ಬನ್ನಿ. ಅದರಲ್ಲಿ ಬಳಸುವ ಎರಡು ಕ್ಯಾಲ್ಸಿಯಂ ಪುಡಿಗಳಲ್ಲಿ ಹೈಡ್ರಾಕ್ಸಿಅಪಟೈಟ್ ನಿಧಾನ ಕರಗುತ್ತದೆ, ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೇಗ. ಎರಡನ್ನೂ 60:40 ಬೆರೆಸುವುದು ಹಳೇ ವಿಷಯ. ಕೊಲ್ಯಾಜೆನ್ ಎಂಬ ಪ್ರೋಟೀನ್ ಸೇರಿಸುವುದೂ ಹಳೆಯದೇ. ಹಳೇ ಪೇಪರ್‌ನಲ್ಲಿ ಹೈಡ್ರಾಕ್ಸಿಅಪಟೈಟ್ ಶೇಕಡಾ 50ರಿಂದ 70 ಅಂತ ಇದ್ದು, ನೀವು 55ರಿಂದ 65 ಕೇಳಿದರೆ ಎಕ್ಸಾಮಿನರ್ ಕೈ ಮೇಲು. ಅಮೆರಿಕದ ಸುಪ್ರೀಂ ಕೋರ್ಟಿನ 2007ರ ಕೆಎಸ್‌ಆರ್ ತೀರ್ಪಿನ ಮೇಲೆ ಇನ್ನೂ ಬಿಗಿ. ಈ ಎರಡು ಪೇಪರ್ ಕೂಡಿಸಿ ನೋಡಿ ಅಂತ ಎಲ್ಲೂ ಬರೆದಿರಬೇಕಿಲ್ಲ, ಸಾಮಾನ್ಯ ಬುದ್ಧಿಯಿಂದಲೂ ಕೂಡಿಸಬಹುದು. ಎಕ್ಸಾಮಿನರ್ ಅದಕ್ಕೆ ಕಾರಣ ಮಾತ್ರ ಬಿಡಿಸಿ ಹೇಳಬೇಕು.

ನೀವು ಸುಮ್ನೆ ವಾದ ಮಾಡಬೇಡಿ, ಅಂಕಿ ಕೊಡಿ. ಹಳೆಯದರಲ್ಲಿ ನಿಮ್ಮದಕ್ಕೆ ತೀರಾ ಹತ್ತಿರ ಇರುವುದನ್ನು ನೀವೇ ತಯಾರಿಸಿ, ನಿಮ್ಮದರ ಪಕ್ಕದಲ್ಲಿಟ್ಟು ಪರೀಕ್ಷೆ ಮಾಡಿ. ತುಸು ಚೆನ್ನಾಗಿದ್ದರೆ ಸಾಲದು, ಯಾರೂ ಎಣಿಸದ ಫಲ ಬೇಕು. ನಾನೇ ಒಮ್ಮೆ ಎಡವಿದ್ದೇನೆ. ಕೇಳಿದ್ದು 40ರಿಂದ 80, ಪರೀಕ್ಷೆ ಮಾಡಿದ್ದು 60 ಒಂದನ್ನೇ. ಅರ್ಜಿ ಅಲ್ಲೇ ಕೂತಿತು. ಕೇಳಿದಷ್ಟೂ ಉದ್ದಕ್ಕೆ, ಎರಡೂ ತುದಿಗಳಲ್ಲಿ ಅಂಕಿ ಬೇಕು ಅಂತ ಆಮೇಲೆ ತಿಳಿಯಿತು. ಈ ಅಂಕಿಗಳನ್ನು ಡಿಕ್ಲರೇಷನ್, ಅಂದರೆ ಇದು ನಿಜ ಎಂಬ ಹೇಳಿಕೆ, ಬರೆದು, ಸಹಿ ಮಾಡಿ ಕೊಡಬೇಕು. ರಿಜೆಕ್ಷನ್‌ಗೆ ನೀವು ಉತ್ತರ ಕೊಡಲು ಸಾಮಾನ್ಯವಾಗಿ 3 ತಿಂಗಳು, ಫೀ ಕಟ್ಟಿದರೆ 6ರವರೆಗೆ. ಅದೂ ದಾಟಿದರೆ ಅರ್ಜಿ ಕೈಬಿಟ್ಟಂತೆ.

ಪೇಟೆಂಟ್ ಸಿಕ್ಕ ಮೇಲೂ ಎದುರಾಳಿ ಕಂಪನಿ ಪಿಟಿಎಬಿ ಎಂಬ ಪೇಟೆಂಟ್ ಆಫೀಸಿನದೇ ಮಂಡಳಿಗೆ ಹೋಗಿ ಮತ್ತೆ 103 ಎತ್ತಬಹುದು. ಕೋರ್ಟಿನಲ್ಲಿ ಪೇಟೆಂಟ್ ಬೀಳಿಸಲು ಗಟ್ಟಿ ಸಾಕ್ಷಿ ಬೇಕು. ಮಂಡಳಿಯಲ್ಲಿ ತಕ್ಕಡಿ ತುಸು ವಾಲಿದರೂ ಸಾಕು. ಹಾಗಾಗಿ ಲ್ಯಾಬ್ ನೋಟ್‌ಬುಕ್ ಎಸೆಯಬೇಡಿ.

ಇನ್ನೊಂದು. ಕಾನ್ಫರೆನ್ಸ್‌ನಲ್ಲಿ ಪೋಸ್ಟರ್ ಹಾಕಿಯಾಗಿದ್ದರೆ 1 ವರ್ಷದೊಳಗೆ ಇಲ್ಲಿ ಅರ್ಜಿ ಹಾಕಿ, ಆಗ ನಿಮ್ಮ ಪೋಸ್ಟರೇ ನಿಮಗೆ ಅಡ್ಡ ಬರುವುದಿಲ್ಲ. ಯುರೋಪಿನಲ್ಲೂ ಪೇಟೆಂಟ್ ಬೇಕಿದ್ದರೆ ಮಾತ್ರ ಪೋಸ್ಟರ್‌ಗಿಂತ ಮೊದಲೇ ಅರ್ಜಿ ಹೋಗಿರಬೇಕು.